ಬೀಟೆ ಫ್ರೆಟ್‌ಬೋರ್ಡಿನಲ್ಲಿ ಚಿಪ್ಪಿನ ಇನ್‌ಲೇ ಸುತ್ತ ಸಂದು: ಮರದ ಪುಡಿ ತುಂಬಿದರೆ ಕಪ್ಪು ಗೆರೆ ಯಾಕೆ ಬರುತ್ತೆ?

ತಂತಿಮರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸ್ಟೀಲ್ ತಂತಿಯ ಅಕೌಸ್ಟಿಕ್ ಗಿಟಾರಿನ ಫ್ರೆಟ್‌ಬೋರ್ಡ್ (ತಂತಿಗಳನ್ನು ಬೆರಳಲ್ಲಿ ಒತ್ತುವ ಹಲಗೆ) ಕೆಲಸ ನಡೀತಿದೆ. ಮರ ಬೀಟೆ, ದಪ್ಪ 6.5 ಮಿ.ಮೀ. ಮೇಲ್ಮೈಗೆ 12 ಇಂಚಿನ, ಅಂದರೆ 305 ಮಿ.ಮೀ. ರೇಡಿಯಸ್ಸಿನ ಬಾಗು ಕೊಟ್ಟಾಗಿದೆ, ಫ್ರೆಟ್ (ಅಡ್ಡ ಲೋಹದ ಪಟ್ಟಿ) ಕೂರುವ ಸೀಳುಗಳನ್ನೂ ಕೊರೆದಾಗಿದೆ. ಇನ್‌ಲೇ (ಮರದಲ್ಲಿ ಕುಳಿ ತೋಡಿ ಕೂರಿಸುವ ಅಲಂಕಾರ) ಮುತ್ತಿನ ಚಿಪ್ಪಿನದು, 1.5 ಮಿ.ಮೀ. ದಪ್ಪ. ಎಲೆ, ಮೊಗ್ಗಿನ ವಿನ್ಯಾಸ, ಎಲ್ಲವೂ ಫ್ರೆಟ್‌ಗಳ ನಡುವೆಯೇ ಇವೆ, ಯಾವುದೂ ಸೀಳನ್ನು ದಾಟಲ್ಲ. 12ನೇ ಫ್ರೆಟ್ ಹತ್ತಿರದ ತುಂಡು ಎಲ್ಲಕ್ಕಿಂತ ದೊಡ್ಡದು, 36 ಮಿ.ಮೀ. ಅಗಲ. ಕುಳಿಗಳನ್ನು ಕೈ ರೌಟರಿಗೆ (ಮರ ತೋಡುವ ಯಂತ್ರ) 1 ಮಿ.ಮೀ. ಬಿಟ್ ಹಾಕಿ ತೋಡಿದ್ದು. ಚಿಪ್ಪುಗಳನ್ನು ಇನ್ನೂ ಅಂಟಿಸಿಲ್ಲ, ಸುಮ್ಮನೆ ಕೂರಿಸಿ ನೋಡಿದ್ದೇನೆ.

ಹೆಚ್ಚಿನ ಕಡೆ ಸಂದು 0.1ರಿಂದ 0.3 ಮಿ.ಮೀ. ಇದೆ. ಎಲೆಯ ತುದಿಗಳಲ್ಲಿ ನಾಲ್ಕು ಕಡೆ ಮಾತ್ರ ಬಿಟ್ ಜಾರಿ 0.6ರಿಂದ 0.8 ಆಗಿದೆ. ಅದೇ ಮರದ ಉಳಿದ ತುಂಡಿನಲ್ಲಿ ಒಂದು ಎಲೆ ಕೂರಿಸಿ, 320 ನಂಬರ್ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿದ ಬೀಟೆ ಪುಡಿ ತುಂಬಿ, ಮೇಲೆ ತೆಳು ಸೂಪರ್ ಗ್ಲೂ ಬಿಟ್ಟೆ. ಮೂರು ತೊಂದರೆ ಕಂಡವು. ಎಲೆಯ ಸುತ್ತ ಪೆನ್ನಿನಲ್ಲಿ ಗೀಚಿದ ಹಾಗೆ ಕಪ್ಪು ಗೆರೆ. ಉಜ್ಜಿದ ಮೇಲೆ ಸೂಜಿಮೊನೆಯಷ್ಟು ತೂತುಗಳು. ಬೇಗ ಒಣಗಲಿ ಅಂತ ಆಕ್ಸಿಲರೇಟರ್ ಸಿಂಪಡಿಸಿದ ಕಡೆ ಬಿಳಿ ನೊರೆ.

ಬೀಟೆಗೆ ಹೊಂದುವ ಬಣ್ಣ ಬರಿಸೋದು ಹೇಗೆ? ಅಂಟು ಯಾವುದು? ಆ ನಾಲ್ಕು ದೊಡ್ಡ ಸಂದಿಗೆ ಏನು ಮಾಡೋದು? ಈಗ ಮಳೆಗಾಲ, ಕೋಣೆಯಲ್ಲಿ ತೇವಾಂಶ 78% ತೋರಿಸ್ತಿದೆ. ಅದರಿಂದ ತೊಂದರೆ ಇದೆಯಾ?

ಉಳಿಸದ್ದು

ಚಿಪ್ಪು ಅಂಟಿಸದೆ ಕೇಳಿದ್ದು ಒಳ್ಳೇದಾಯ್ತು. ಅಂಟಿಸೋದು ಮತ್ತು ಸಂದು ತುಂಬೋದು ಒಂದೇ ಸಲ ಆಗಬೇಕು, ಅರ್ಧ ತೊಂದರೆ ಅಲ್ಲೇ ಹೋಗುತ್ತೆ.

ಮೊದಲು ಬಣ್ಣ. ಬೀಟೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಎಷ್ಟು ಕಪ್ಪಾಗುತ್ತೆ ನೋಡಿದ್ದೀರಲ್ಲ. ಪುಡಿ ಅಂಟು ಹೀರಿ ಒದ್ದೆಯಾದಾಗಲೂ ಅದೇ ಬಣ್ಣ, ಒಂದೇ ವ್ಯತ್ಯಾಸ ಅಂದರೆ ಅದು ಮತ್ತೆ ಒಣಗಿ ತಿಳಿಯಾಗಲ್ಲ, ಹಾಗೇ ಗಟ್ಟಿಯಾಗುತ್ತೆ. ಪುಡಿ ನುಣ್ಣಗಾದಷ್ಟೂ ಹೆಚ್ಚು ಅಂಟು ಹೀರುತ್ತೆ, ಹೆಚ್ಚು ಕಪ್ಪಾಗುತ್ತೆ. 320ರ ಪುಡಿ ಹಿಟ್ಟಿನ ಹಾಗಿರುತ್ತೆ. ಅದರ ಮೇಲೆ ಕಪ್ಪು ಬಣ್ಣದ ವಾಟರ್ ಪೇಪರ್ ಬಳಸಿದ್ದರೆ ಪೇಪರಿನ ಹರಳೂ ಉದುರಿ ಪುಡಿಯಲ್ಲಿ ಸೇರಿರುತ್ತೆ.

ಪುಡಿಯನ್ನು ಪೇಪರಿನಿಂದ ತೆಗೀಬೇಡಿ. ಅದೇ ಬೋರ್ಡಿನ ಉಳಿಕೆ ತುಂಡನ್ನು ವೈಸಿಗೆ ಸಿಕ್ಕಿಸಿ ಮಧ್ಯಮ ಒರಟಿನ ಅರದಿಂದ ಉಜ್ಜಿ, ಅಥವಾ ಸ್ಕ್ರೇಪರ್ ಪಟ್ಟಿಯಿಂದ ಕೆರೆದು ಬಂದ ಸುರುಳಿಯನ್ನು ಬೆರಳಲ್ಲಿ ಪುಡಿ ಮಾಡಿ. ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡೀರಿ. ಜಾಲರಿ ದಾಟಿದ್ದರಲ್ಲಿ ಅತಿ ನುಣ್ಣಗಿನ ಭಾಗವನ್ನು ಊದಿ ಹಾರಿಸಿ, ಉಳಿದದ್ದು ಕೆಲಸಕ್ಕೆ ಬರುತ್ತೆ. ಬೀಟೆಯಲ್ಲಿ ಕಂದು, ನೇರಳೆ, ಜೇನಿನ ಬಣ್ಣದ ಎಳೆ ಎಲ್ಲ ಇರುತ್ತೆ. ಪುಡಿಯನ್ನು ಆದಷ್ಟು ತಿಳಿ ಬಣ್ಣದ ಎಳೆಯಿಂದಲೇ ತೆಗೀರಿ. ಅಷ್ಟಾದರೂ ಕಪ್ಪು ಅನ್ನಿಸಿದರೆ ನಾಲ್ಕು ಪಾಲು ಬೀಟೆಗೆ ಒಂದು ಪಾಲು ತೇಗದ ಪುಡಿ ಸೇರಿಸಿ ನೋಡಿ.

ಬಣ್ಣ ಪರೀಕ್ಷೆ ಮಾಡೋ ಕ್ರಮವೂ ಮುಖ್ಯ. ಒಣ ಮರದ ಪಕ್ಕ ಇಟ್ಟು ಹೋಲಿಸಿದರೆ ಮೋಸ ಹೋಗ್ತೀರಿ. ಕೊನೆಗೆ ಬೋರ್ಡಿಗೆ ಎಣ್ಣೆ ಒರೆಸ್ತೀರಿ, ಆಗ ಇಡೀ ಮರವೇ ಒಂದು ಛಾಯೆ ಗಾಢವಾಗುತ್ತೆ. ಹಾಗಾಗಿ ಉಳಿಕೆ ತುಂಡಿನಲ್ಲಿ 0.3 ಮಿ.ಮೀ. ಗರಗಸದ ಗೆರೆ ನಾಲ್ಕು ಹಾಕಿ, ನಾಲ್ಕು ಬಗೆಯ ಮಿಶ್ರಣ ತುಂಬಿ, ಒಣಗಿದ ಮೇಲೆ ಉಜ್ಜಿ, ಎಣ್ಣೆ ಹಚ್ಚಿ, ಕಿಟಕಿ ಬೆಳಕಲ್ಲಿ ನೋಡಿ ಆರಿಸಿ. ತುಂಬಿದ ಗೆರೆ ಮರಕ್ಕಿಂತ ಕೂದಲೆಳೆಯಷ್ಟು ಗಾಢವಾಗಿದ್ದರೆ ಚಿಪ್ಪಿನ ಅಂಚು ಚೂಪಾಗಿ ಕಾಣುತ್ತೆ, ಚೆನ್ನಾಗೇ ಇರುತ್ತೆ. ಮರಕ್ಕಿಂತ ತಿಳಿಯಾದರೆ ಮಾತ್ರ ದೂರದಿಂದಲೇ ಕಣ್ಣಿಗೆ ಹೊಡೆಯುತ್ತೆ.

ಅಂಟಿಗೆ ನಿಧಾನವಾಗಿ ಗಟ್ಟಿಯಾಗೋ ಎಪಾಕ್ಸಿ, ಅದೇ ರೆಸಿನ್ ಮತ್ತು ಹಾರ್ಡ್‌ನರ್ ಅಂತ ಎರಡು ಭಾಗ ಕಲಸಿ ಬಳಸೋ ಅಂಟು. 5 ನಿಮಿಷದ್ದು ಬೇಡ. ಅದು ಪೂರ್ತಿ ಗಟ್ಟಿಯಾದ ಮೇಲೂ ಸ್ವಲ್ಪ ರಬ್ಬರಿನ ಹಾಗಿರುತ್ತೆ, ಉಜ್ಜುವ ಬಿಸಿಗೆ ಮೆತ್ತಗಾಗಿ ಪೇಪರಿಗೆ ಮೆತ್ತಿಕೊಳ್ಳುತ್ತೆ. ಅಂಗಡಿಯಲ್ಲಿ ಸುಲಭವಾಗಿ ಸಿಗೋ ಅರಾಲ್ಡೈಟ್ ಸ್ಟ್ಯಾಂಡರ್ಡ್ ಸಾಕು. ಅದಕ್ಕೆ ಹಳದಿ ಛಾಯೆ ಇದೆ, ಬೀಟೆಯಲ್ಲಿ ಅದು ಕಾಣಲ್ಲ. ಗಾತ್ರದಲ್ಲಿ ಅಳೆದರೆ ಎರಡೂ ಸಮಸಮ, ತೂಕದಲ್ಲಾದರೆ ರೆಸಿನ್ 100ಕ್ಕೆ ಹಾರ್ಡ್‌ನರ್ 80. ಇಷ್ಟು ಎಲೆಗಳಿಗೆ 5 ಗ್ರಾಂ ರೆಸಿನ್, 4 ಗ್ರಾಂ ಹಾರ್ಡ್‌ನರ್ ಬೇಕಾದಷ್ಟಾಯ್ತು. ಇಷ್ಟು ಕಡಿಮೆ ಪ್ರಮಾಣದಲ್ಲಿ ಕಣ್ಣಂದಾಜು ನಂಬಬೇಡಿ, ಅರ್ಧ ಗ್ರಾಂ ಹೆಚ್ಚುಕಮ್ಮಿ ಆದರೂ ಮಿಶ್ರಣ ಅಂಟಂಟಾಗೇ ಉಳಿಯಬಹುದು. 0.01 ಗ್ರಾಂ ತೋರಿಸುವ ಚಿಕ್ಕ ತಕ್ಕಡಿ ಇಟ್ಟುಕೊಳ್ಳಿ. ಎರಡನ್ನೂ ಮೊದಲು ಎರಡು ನಿಮಿಷ ನಿಧಾನವಾಗಿ ಕಲಸಿ, ಬಟ್ಟಲಿನ ಗೋಡೆಗೆ ಅಂಟಿದ್ದನ್ನೂ ಕೆರೆದು ಸೇರಿಸಿ, ಆಮೇಲೆ ಪುಡಿ. ಹದ ಇಡ್ಲಿ ಹಿಟ್ಟಿನದು. ನೀರು ದೋಸೆಯ ಹಾಗಾದರೆ ಕೆಳಗೆ ಇಳಿದು ಮೇಲೆ ಬರೀ ಅಂಟು ಉಳಿಯುತ್ತೆ, ಚಪಾತಿ ಹಿಟ್ಟಿನ ಹಾಗಾದರೆ ಸಂದಿನೊಳಗೆ ಇಳಿಯದೆ ಗಾಳಿಯನ್ನು ಒಳಗೇ ಹಿಡಿದಿಡುತ್ತೆ. ನಿಮ್ಮ ತೂತುಗಳಿಗೆ ಈ ಸಿಕ್ಕಿಬಿದ್ದ ಗಾಳಿಯೇ ಕಾರಣ. ಒಣ ಪುಡಿಯ ಮೇಲೆ ತೆಳು ಸೂಪರ್ ಗ್ಲೂ ಬಿಟ್ಟಾಗ ಮೇಲಿನ ಪದರ ತಕ್ಷಣ ಗಟ್ಟಿಯಾಗಿ, ಅಡಿಯ ಪುಡಿ ಒಣಗೇ ಉಳಿಯಿತು. 1.5 ಮಿ.ಮೀ. ಆಳಕ್ಕೆ ಆ ವಿಧಾನ ನಂಬೋ ಹಾಗಿಲ್ಲ.

ಕೂರಿಸುವಾಗ: ಬೀಟೆಯಲ್ಲಿ ಅದರದೇ ಎಣ್ಣೆಯಂಶ ಇದೆ. ಕುಳಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಎರಡು ಸಲ ಒರೆಸಿ, ಪೂರ್ತಿ ಆರಲು ಬಿಡಿ. ಚಿಪ್ಪಿನ ಬೆನ್ನನ್ನು 120ರಲ್ಲಿ ಒರಟು ಮಾಡಿ. ಮಿಶ್ರಣವನ್ನು ಕುಳಿಯ ಗೋಡೆಗಳಿಗೂ ತಳಕ್ಕೂ ಹಚ್ಚಿ, ಚಿಪ್ಪಿನ ಒಂದು ಅಂಚನ್ನು ಮೊದಲು ಇಳಿಸಿ, ಪುಸ್ತಕ ಮುಚ್ಚಿದ ಹಾಗೆ ನಿಧಾನವಾಗಿ ಇನ್ನೊಂದು ಅಂಚು ಒತ್ತಿ. ಮಿಶ್ರಣ ಅಡಿಯಿಂದ ಮೇಲಕ್ಕೆ ಸಂದಿನ ಉದ್ದಕ್ಕೂ ಉಕ್ಕಿ ಬರಬೇಕು. ಎಲ್ಲಿ ಉಕ್ಕಲಿಲ್ಲವೋ ಅಲ್ಲಿ ಗಾಳಿ ಇದೆ ಅಂತ ಅರ್ಥ. ಎತ್ತಿ ಮತ್ತೆ ಹಚ್ಚಿ. ಮೇಲೆ ಅರ್ಧ ಮಿ.ಮೀ. ಉಬ್ಬಾಗಿ ಉಳಿಯಲಿ, ಒರೆಸಬೇಡಿ. ಹೇರ್ ಡ್ರೈಯರನ್ನು ಒಂದಡಿ ದೂರದಿಂದ ಅರ್ಧ ನಿಮಿಷ ಆಡಿಸಿದರೆ ಮಿಶ್ರಣ ಸ್ವಲ್ಪ ತೆಳುವಾಗಿ ಗುಳ್ಳೆಗಳು ಮೇಲೆ ಬಂದು ಒಡೆಯುತ್ತವೆ. ಮಳೆಗಾಲದ ತಂಪಿಗೆ 48 ಗಂಟೆ ಮುಟ್ಟದೆ ಬಿಡಿ.

ಬಾಗುಮೇಲ್ಮೈ

ಮೇಲಿನವರು ಹೇಳಿದ್ದರ ಜೊತೆಗೆ ಎರಡು ಲೆಕ್ಕ.

36 ಮಿ.ಮೀ. ಅಗಲದ ಚಿಪ್ಪು ಸಪಾಟ, ಬೋರ್ಡು ಬಾಗಿದೆ. ಅಗಲದ ವರ್ಗವನ್ನು ರೇಡಿಯಸ್ಸಿನ ಎಂಟರಷ್ಟರಿಂದ ಭಾಗಿಸಿ: 1296 ಭಾಗಿಸು 2440, ಅಂದರೆ 0.53 ಮಿ.ಮೀ. ಚಿಪ್ಪಿನ ನಡುಭಾಗ ಬೋರ್ಡಿನ ಸಮಕ್ಕೆ ಕೂತಾಗ ಅಂಚುಗಳು ಅರ್ಧ ಮಿ.ಮೀ. ಮೇಲೆ ನಿಂತಿರುತ್ತವೆ, ಅದನ್ನು ಉಜ್ಜಿ ಇಳಿಸ್ತೀರಿ, ಅಂಚಿನಲ್ಲಿ 0.97 ಉಳಿಯುತ್ತೆ. ಅಂಚು ಸಮ ಮಾಡಿ ಕೂರಿಸಿದರೆ ನಡುಭಾಗ ಅರ್ಧ ಮಿ.ಮೀ. ತಗ್ಗಾಗಿ ಹೂತುಹೋಗುತ್ತೆ, ಆಮೇಲೆ ಏನು ತುಂಬಿದರೂ ಸರಿಯಾಗಲ್ಲ. ಆದ್ದರಿಂದ ಕುಳಿಯ ತಳ ಸಪಾಟಾಗಿದೆಯಾ ನೋಡಿ. ಕೈ ರೌಟರಿನ ಬುಡ ಬಾಗಿದ ಮೇಲ್ಮೈ ಮೇಲೆ ಓಡಿದ್ದರೆ ತಳವೂ ಬಾಗಿರುತ್ತೆ, ಚಿಪ್ಪು ನಡುವಿನಲ್ಲಿ ಮಾತ್ರ ತಾಗಿ ಅಲ್ಲಾಡುತ್ತೆ. ಹಾಗಿದ್ದರೆ ಚಿಕ್ಕ ಉಳಿಯಿಂದ ನಡುವಿನ ಉಬ್ಬು ಕೆರೆದು ಸಪಾಟು ಮಾಡಿ. ನಡುಭಾಗ 0.1 ಮಿ.ಮೀ. ಮೇಲೆ ನಿಲ್ಲುವಷ್ಟು ಆಳ ಇರಲಿ.

ಎರಡನೇದು, ಮುತ್ತಿನ ಚಿಪ್ಪು 1 ಮಿ.ಮೀ.ಗಿಂತ ತೆಳುವಾದ ಕಡೆ ಬೆಳಕು ಒಳಗೆ ಹೋಗುತ್ತೆ. ಅಡಿಯಲ್ಲಿ ಕಂದು ಮಿಶ್ರಣ ಇದ್ದರೆ ಅಂಚು ಮಂಕಾಗಿ, ನಡು ಬೆಳ್ಳಗೆ ಕಾಣುತ್ತೆ. ಸ್ವಲ್ಪ ಎಪಾಕ್ಸಿಗೆ ಟೈಟಾನಿಯಂ ಡೈಆಕ್ಸೈಡ್ ಪುಡಿ, ಅದೇ ಪೇಂಟಿಗೆ ಹಾಕೋ ಬಿಳಿ ಪುಡಿ, ಕಲಸಿ ಚಿಪ್ಪಿನ ಬೆನ್ನಿಗೆ ಮಾತ್ರ ತೆಳುವಾಗಿ ಬಳಿದು ಒಣಗಿಸಿಬಿಡಿ. ಬಳಿದ ಮೇಲೆ ಬೆನ್ನನ್ನು ಮತ್ತೆ 120ರಲ್ಲಿ ಒರಟು ಮಾಡಿ. ಅಂಚಿನ ಗೋಡೆಗೆ ಬಿಳಿ ತಾಗಬಾರದು, ತಾಗಿದರೆ ಸಂದಿನಲ್ಲಿ ಬಿಳಿ ಗೆರೆ ಕಾಣುತ್ತೆ.

ಕರಾವಳಿಗಾಳಿ

78%ರಲ್ಲಿ ಇನ್‌ಲೇ ಮಾಡಬೇಡಿ. ಬಣ್ಣ, ಅಂಟು ಎಲ್ಲಕ್ಕಿಂತ ಮೊದಲು ಇದು.

ಇದರಲ್ಲಿ ಬಹಳ ಜನ ತಿರುವುಮುರುವಾಗಿ ಅರ್ಥ ಮಾಡಿಕೊಳ್ಳೋ ವಿಷಯ ಒಂದಿದೆ. ಮರ ಒಣಗಿ ಕುಗ್ಗಿದರೆ ಸಂದು ದೊಡ್ಡದಾಗುತ್ತೆ ಅಂತ ಅಂದುಕೊಳ್ತಾರೆ. ಮರ ಕುಗ್ಗಿದಾಗ ಅದರೊಳಗಿನ ಕುಳಿಯೂ ಕುಗ್ಗುತ್ತೆ, ಎಳೆಗೆ, ಅಂದರೆ ಮರದ ನಾರಿಗೆ, ಅಡ್ಡಲಾಗಿ. ಚಿಪ್ಪು ಕುಗ್ಗಲ್ಲ. ಮಳೆಗಾಲದ ಉಬ್ಬಿದ ಮರದಲ್ಲಿ ಬಿಗಿಯಾಗಿ ಕೂರಿಸಿ ತುಂಬಿದರೆ, ಬೇಸಿಗೆಯಲ್ಲಿ ಮರ ಚಿಪ್ಪನ್ನು ಎರಡೂ ಕಡೆಯಿಂದ ಹಿಂಡುತ್ತೆ. ಎಲೆಯ ಚೂಪು ತುದಿಯಿಂದ ಎಳೆಯ ಉದ್ದಕ್ಕೆ ಕೂದಲಿನಂಥ ಬಿರುಕು ಹೊರಡೋದು ಆಗಲೇ. ಅಂಟು ಸೋತರೆ ಚಿಪ್ಪು ಮೇಲೇಳುತ್ತೆ. ತದ್ವಿರುದ್ಧವಾಗಿ, ತೀರಾ ಒಣಗಿದ ಮರದಲ್ಲಿ ಕೂರಿಸಿದರೆ ಮಳೆಗಾಲದಲ್ಲಿ ಕುಳಿ ಅಗಲವಾಗಿ ಸಂದು ತೆರೆಯುತ್ತೆ. ಅಗಲದಲ್ಲಿ ಅರ್ಧ ಶೇಕಡಾ ಬದಲಾದರೂ 36 ಮಿ.ಮೀ.ಗೆ 0.18 ಮಿ.ಮೀ. ಆಯ್ತು, ನೀವು ತುಂಬಬೇಕು ಅಂತಿರೋ ಸಂದಿನಷ್ಟೇ! ಎಳೆಯ ಉದ್ದಕ್ಕೆ ಬದಲಾವಣೆ ಇಲ್ಲವೇ ಇಲ್ಲ ಅನ್ನಬಹುದು.

ಹಳೆಯ ಗಿಟಾರ್ ರಿಪೇರಿಗೆ ಬಂದಾಗಲೂ ಇದನ್ನೇ ನೋಡಿ ಕಾರಣ ಹೇಳಬಹುದು. ಬೋರ್ಡಿನ ಎರಡು ಪಕ್ಕಕ್ಕೆ ಮುಖ ಮಾಡಿದ ಅಂಚುಗಳಲ್ಲಿ ಮಾತ್ರ ಸಂದು, ಹೆಡ್‌ಸ್ಟಾಕ್ ಕಡೆ ಮತ್ತು ಬ್ರಿಡ್ಜ್ ಕಡೆಯ, ಅಂದರೆ ಬೋರ್ಡಿನ ಉದ್ದದ ಎರಡು ತುದಿಗಳ ಕಡೆಯ, ಅಂಚು ಬಿಗಿ ಇದ್ದರೆ ಅದು ತೇವಾಂಶದ ಆಟ. ಸುತ್ತಲೂ ಒಂದೇ ಅಗಲದ ಸಂದು ಇದ್ದರೆ ಕೊರೆದವರ ಕೈ. ತೇವಾಂಶದಿಂದ ತೆರೆದ ಸಂದನ್ನು ಮಳೆಗಾಲದಲ್ಲಿ ಗಟ್ಟಿ ಎಪಾಕ್ಸಿಯಿಂದ ತುಂಬಿದರೆ ಬೇಸಿಗೆಯಲ್ಲಿ ಬಿರುಕು ಗ್ಯಾರಂಟಿ. ಮೊದಲು ಮರವನ್ನು ಹದಕ್ಕೆ ತನ್ನಿ, ಅರ್ಧ ಸಂದು ತಾನಾಗಿ ಮುಚ್ಚಿಕೊಂಡಿರುತ್ತೆ.

ಬೋರ್ಡನ್ನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ, ಕೆಳಗೆ ಎರಡು ಪಟ್ಟಿ ಕೊಟ್ಟು ಎತ್ತರಿಸಿ, ಸಿಲಿಕಾ ಜೆಲ್ ಮತ್ತು ತೇವಾಂಶ ಮಾಪಕ ಜೊತೆಗಿಟ್ಟು 45ರಿಂದ 50%ರಲ್ಲಿ ನಿಲ್ಲಿಸಿ. 40ಕ್ಕಿಂತ ಕೆಳಗೆ ಹೋದರೆ ಸ್ವಲ್ಪ ಜೆಲ್ ಹೊರಗೆ ತೆಗೀರಿ. ದಿನಾ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ಮೂರು ದಿನ ತೂಕ ಬದಲಾಗದಿದ್ದರೆ ಮರ ಆ ಹದಕ್ಕೆ ಬಂದ ಹಾಗೆ. ಆಗ ಚಿಪ್ಪನ್ನು ಮತ್ತೆ ಕೂರಿಸಿ ನೋಡಿ, ಕೆಲವು ಕಡೆ ಈಗ ಸಡಿಲ ಇರೋದು ಆಗ ಬಿಗಿಯಾಗಿರುತ್ತೆ. ತೀರಾ ಬಿಗಿಯಾದ ಕಡೆ ಚಿಪ್ಪಿನ ಅಂಚನ್ನು ಅರದಿಂದ ತೀಡಿ. ಪಕ್ಕಗಳಲ್ಲಿ 0.1 ಮಿ.ಮೀ. ಬಿಡುವು ಇರಲೇಬೇಕು.

ಸಿಬಿರು

ಆ ನಾಲ್ಕು ದೊಡ್ಡ ಸಂದಿನ ಬಗ್ಗೆ ಯಾರೂ ಹೇಳಿಲ್ಲ. 0.5 ಮಿ.ಮೀ. ದಾಟಿದ ಕಡೆ ಪುಡಿ ಬೇಡವೇ ಬೇಡ. ಪುಡಿಗೆ ಎಳೆ ಇರಲ್ಲ. 0.2ರಲ್ಲಿ ಕಣ್ಣಿಗೆ ಅದು ಗೊತ್ತಾಗಲ್ಲ, 0.8ರಲ್ಲಿ ಎಷ್ಟೇ ಬಣ್ಣ ಹೊಂದಿಸಿದರೂ ಮೇಣ ಮೆತ್ತಿದ ಹಾಗೆ ಕಾಣುತ್ತೆ. ಅಲ್ಲಿಗೆ ಮರವೇ ಬೇಕು, ಅದೇ ಬೋರ್ಡಿನ ಸಿಬಿರು.

ಮೊದಲು ಸಂದಿನ ಮರದ ಕಡೆಯ ಗೋಡೆಯನ್ನು ಹರಿತವಾದ ಕತ್ತಿಯಿಂದ ನೇರ ಮಾಡಿ. ಅಂಕುಡೊಂಕು ಗೋಡೆಗೆ ಸಿಬಿರು ಕೂರಲ್ಲ, ಹಾಗಾಗಿ ಸಂದು ಇನ್ನೂ 0.1 ಅಗಲ ಆದರೂ ಪರವಾಗಿಲ್ಲ. ಬೋರ್ಡಿನ ತುದಿಯಲ್ಲಿ ಕತ್ತರಿಸಿ ಉಳಿದ ತುಂಡಿನಿಂದ 1 ಮಿ.ಮೀ. ದಪ್ಪ, 2 ಮಿ.ಮೀ. ಎತ್ತರದ ಪಟ್ಟಿ ಸೀಳಿ. ಮೇಲೆ ಕಾಣುವ ಮುಖ ಬೋರ್ಡಿನ ಮೇಲ್ಮೈಯದೇ ಇರಬೇಕು, ಪಕ್ಕದ ಮುಖ ತಿರುಗಿಸಿ ಇಟ್ಟರೆ ಬಣ್ಣ ಬೇರೆ ಕಾಣುತ್ತೆ. ಎಳೆಯ ದಿಕ್ಕು ಬೋರ್ಡಿನ ಎಳೆಯ ಜೊತೆ ಓಡಬೇಕು. ಗಾಜಿನ ಮೇಲೆ 220 ಪೇಪರ್ ಅಂಟಿಸಿ ಪಟ್ಟಿಯನ್ನು ಬೆಣೆಯ ಹಾಗೆ ಉಜ್ಜಿ, ಕೆಳಗೆ 0.6, ಮೇಲೆ 0.9 ಇರಲಿ. ಚಿಪ್ಪು ಎಪಾಕ್ಸಿಯಲ್ಲಿ ಕೂತ ತಕ್ಷಣ, ಅಂಟು ಹಸಿ ಇರುವಾಗಲೇ, ಬೆಣೆಯನ್ನು ಬೆರಳಲ್ಲಿ ಒತ್ತಿ. ಸುತ್ತಿಗೆ ಮುಟ್ಟಬೇಡಿ, ಚಿಪ್ಪು ಸೀಳುತ್ತೆ. ಒಣಗಿದ ಮೇಲೆ ಎದ್ದು ನಿಂತ ಭಾಗವನ್ನು ಉಳಿಯಿಂದ ಸವರಿ ತೆಗೆದರಾಯ್ತು.

ಸಂದು ಎಳೆಗೆ ಅಡ್ಡ ಇದ್ದರೆ ಕೆಲಸ ಕಷ್ಟ. ಅಡ್ಡ ಎಳೆಯ ಸಿಬಿರು ಕೈಯಲ್ಲೇ ಮುರಿಯುತ್ತೆ. ಅಲ್ಲಿ ನಾನಾದರೆ ಎಲೆಯನ್ನೇ ಹೊಸದಾಗಿ 0.7 ದೊಡ್ಡದು ಕತ್ತರಿಸುತ್ತೇನೆ. ಒಂದು ಎಲೆ ಚಿಪ್ಪಿನ ಖರ್ಚು ಒಂದು ಸಂಜೆಯ ಪರದಾಟಕ್ಕಿಂತ ಕಡಿಮೆ.

ಮುಂದಿನ ಸಲಕ್ಕೆ: ಚಿಪ್ಪನ್ನು ಬೋರ್ಡಿನ ಮೇಲೆ ಒಂದು ಹನಿ ಅಂಟಿನಿಂದ ತಾತ್ಕಾಲಿಕವಾಗಿ ನಿಲ್ಲಿಸಿ, ಸುತ್ತ ಚೂಪು ಕತ್ತಿಯಿಂದ ಗೀರಿ, ಚಿಪ್ಪು ತೆಗೆದು ಗೀರಿನೊಳಗೆ ಸೀಮೆಸುಣ್ಣದ ಪುಡಿ ತಿಕ್ಕಿ. ಕಪ್ಪು ಬೀಟೆಯಲ್ಲಿ ಬಿಳಿ ಗೆರೆ ಎದ್ದು ಕಾಣುತ್ತೆ. 1 ಮಿ.ಮೀ. ಬಿಟ್ಟಿನಿಂದ ಗೆರೆಯ ಒಳಗೆ 0.3 ಬಿಟ್ಟು ತೋಡಿ, ಕೊನೆಯ ಅಂಚನ್ನು ಕೈ ಉಳಿಯಿಂದಲೇ ತೆಗೀರಿ. ದುಂಡು ಬಿಟ್ಟಿನಿಂದ ಚೂಪು ಮೂಲೆ ಬರೋದು ಸಾಧ್ಯವೇ ಇಲ್ಲ. ಎಲೆ ತುದಿಯಲ್ಲಿ ನಿಮಗೆ ಸಂದು ಬಂದದ್ದೂ ಮೂಲೆ ತಲುಪಿಸೋಕೆ ಬಿಟ್ಟನ್ನು ಹೊರಗೆ ತಳ್ಳಿದ್ದರಿಂದಲೇ.

ಹೊಸಬಿಲ್ಲೆ

ಇದೇ ಚರ್ಚೆಯಲ್ಲಿ ಕೇಳ್ತಿದ್ದೇನೆ, ಕ್ಷಮಿಸಿ. ಸ್ಪ್ರೂಸ್ ಮರದ ಟಾಪಿನ (ಗಿಟಾರಿನ ಮೇಲ್ಹಲಗೆ) ರೋಸೆಟ್, ಅಂದರೆ ಸೌಂಡ್‌ಹೋಲ್ ಸುತ್ತಲಿನ ಅಲಂಕಾರದ ಉಂಗುರದ, ಸುತ್ತ 0.3 ಸಂದು ಇದ್ದರೆ ಸ್ಪ್ರೂಸ್ ಪುಡಿ ತುಂಬಬಹುದಾ? ವೀಣೆಯ ಮೆಟ್ಟಿಲಿಗೆ ಹಾಕೋ ಮೇಣ ಆಗುತ್ತಾ?

ಉಳಿಸದ್ದು

ಎರಡೂ ಬೇಡ. ವೀಣೆಯಲ್ಲಿ ಜೇನುಮೇಣಕ್ಕೆ ಇದ್ದಿಲ ಪುಡಿ ಸೇರಿಸಿ ಮೆಟ್ಟಿಲು ಕೂರಿಸೋದು, ಬೇಕಾದಾಗ ಬಿಸಿ ಮಾಡಿ ಸ್ವರಸ್ಥಾನ ಸರಿಪಡಿಸಲಿ ಅಂತ. ಆ ಕೆಲಸಕ್ಕೆ ಅದಕ್ಕಿಂತ ಒಳ್ಳೇದು ಇನ್ನೊಂದಿಲ್ಲ. ಆದರೆ ಮೇಣದ ಮೇಲೆ ಲ್ಯಾಕರ್ ಹಿಡಿಯಲ್ಲ, ಉಜ್ಜಿದರೆ ಪಕ್ಕದ ಮರಕ್ಕೆ ಹರಡುತ್ತೆ.

ಸ್ಪ್ರೂಸ್ ಪುಡಿ ಅಂಟು ಕುಡಿದರೆ ಕೊಳಕು ಕಂದು ಬಣ್ಣ ಬರುತ್ತೆ, ಬೆಳ್ಳಗಿನ ಟಾಪಿನಲ್ಲಿ ಕಲೆ ಹಾಗೆ ಕಾಣುತ್ತೆ. ಅಲ್ಲಿ ಮುಚ್ಚಿಡೋ ಬದಲು ಗೆರೆಯನ್ನೇ ವಿನ್ಯಾಸ ಮಾಡಿಕೊಳ್ಳಿ. ಸಂದನ್ನು ವೃತ್ತ ಕೊರೆಯುವ ಕತ್ತಿಯಿಂದ ಸಮನಾಗಿ 0.5 ಮಿ.ಮೀ. ಮಾಡಿ, ಕಪ್ಪು ಪರ್ಫ್ಲಿಂಗ್ (ಅಲಂಕಾರದ ತೆಳು) ಪಟ್ಟಿ ಕೂರಿಸಿ. ಅದಕ್ಕೂ ಮೊದಲು ಚಾನೆಲ್ಲಿಗೆ ತೆಳು ಅರಗಿನ ದ್ರಾವಣ, ಅದೇ ಶೆಲಾಕ್, ಎರಡು ಕೈ ಬಳಿದು ಒಣಗಿಸಿ. ಇಲ್ಲದಿದ್ದರೆ ತೆಳು ಸೂಪರ್ ಗ್ಲೂ ಸ್ಪ್ರೂಸಿನ ಕಡಿದ ಎಳೆಯೊಳಗೆ ಹರಿದು ಹಳದಿ ನೆರಳು ಬಿಡುತ್ತೆ, ಅದು ಉಜ್ಜಿದರೂ ಹೋಗಲ್ಲ. ಮೇಪಲ್ ಬೋರ್ಡಿಗೂ ಇದೇ ನಿಯಮ. ನೀರಿರೋ ಬಿಳಿ ಅಂಟು ಹಾಕಿದರೆ ಪಟ್ಟಿ ಉಬ್ಬುತ್ತೆ, ಆದ್ದರಿಂದ ಒಣಗಿದ್ದಾಗ ಬೆರಳಲ್ಲಿ ಒತ್ತಿದರೆ ಇಳಿಯುವಷ್ಟು ಸಡಿಲ ಇರಲಿ. ಸಂದು ತುಂಬೋಕೆ ಮಾತ್ರ ಬಿಳಿ ಅಂಟು ಎಲ್ಲೂ ಬೇಡ. ನೀರು ಆರಿದ ಮೇಲೆ ಕುಗ್ಗಿ ತಗ್ಗು ಬೀಳುತ್ತೆ.

ತಂತಿಮರ

ತುಂಬಾ ಉಪಕಾರ ಆಯ್ತು ಎಲ್ಲರಿಂದ. ಬೋರ್ಡು ಡಬ್ಬಕ್ಕೆ ಹೋಯ್ತು. ಇನ್ನೆರಡು ಪ್ರಶ್ನೆ. ಹಾಗಾದರೆ ಸೂಪರ್ ಗ್ಲೂ ಎಲ್ಲೂ ಬಳಸಬಾರದಾ? ಫ್ರೆಟ್ ಸೀಳಿನೊಳಗೆ ಎಪಾಕ್ಸಿ ಹೋಗದ ಹಾಗೆ ಏನು ಮಾಡೋದು?

ಬಾಗುಮೇಲ್ಮೈ

ಕೊನೆಯಲ್ಲಿ ಬೇಕಾಗುತ್ತೆ. 48 ಗಂಟೆ ಆದ ಮೇಲೆ ಉಬ್ಬನ್ನು ಸ್ಕ್ರೇಪರಿನಿಂದ ಇಳಿಸಿ, ನಂತರ 305ರ ರೇಡಿಯಸ್ ಬ್ಲಾಕಿನಲ್ಲಿ (ಬೋರ್ಡಿನದೇ ಬಾಗು ಇರೋ ಉಜ್ಜುವ ಬ್ಲಾಕ್) 120, 180, 240, 320 ಅಂತ ಬನ್ನಿ. ಬ್ಲಾಕ್ ಇಲ್ಲದೆ ಬೆರಳಲ್ಲಿ ಪೇಪರ್ ಒತ್ತಿ ಉಜ್ಜಬೇಡಿ. ಚಿಪ್ಪು ಗಟ್ಟಿ, ಎಪಾಕ್ಸಿ ಮೆದು, ಬೆರಳು ಮೆದುವಾದದ್ದನ್ನೇ ಹೆಚ್ಚು ತಿನ್ನುತ್ತೆ. ಎಲೆಯ ಸುತ್ತ ಕಾಲುವೆ ಬೀಳುತ್ತೆ, ಉಗುರು ಆಡಿಸಿದರೆ ಗೊತ್ತಾಗುತ್ತೆ. 240 ಮುಗಿದಾಗ ದೀಪವನ್ನು ಬೋರ್ಡಿನ ಪಕ್ಕಕ್ಕೆ ತಗ್ಗಿಸಿ ಹಿಡಿದು ನೋಡಿ, ಉಳಿದ ಸಣ್ಣ ತೂತುಗಳು ನೆರಳು ಬಿಟ್ಟು ಕಾಣುತ್ತವೆ. ಸೂಪರ್ ಗ್ಲೂ ಅವಕ್ಕೆ. ಗುಂಡುಸೂಜಿಯ ತುದಿಯಲ್ಲಿ ಒಂದು ಚಿಟಿಕೆ ಪುಡಿ ಅದುಮಿ, ಅದೇ ಸೂಜಿಯಲ್ಲಿ ಒಂದು ಹನಿ ಮುಟ್ಟಿಸಿ. ಟ್ಯೂಬಿನಿಂದ ನೇರ ಬಿಟ್ಟರೆ ಸುತ್ತಲೂ ಹರಡಿ ಕಲೆ ಕೂರುತ್ತೆ. ಆಕ್ಸಿಲರೇಟರ್ ಬೇಡ. ಬಿಸಿಯಾಗಿ ಕುದ್ದು ಗಟ್ಟಿಯಾಗೋದರಿಂದಲೇ ಆ ಬಿಳಿ ನೊರೆ. ತಾನಾಗಿ ಒಂದು ಗಂಟೆ ಒಣಗಲಿ. ಆಮೇಲೆ 320, 400, 600.

ಚಿಪ್ಪು ಉಜ್ಜುವಾಗ ಎನ್95 ಮಾಸ್ಕ್ ಕಡ್ಡಾಯ, ಚಿಪ್ಪಿನ ಪುಡಿ ಶ್ವಾಸಕೋಶಕ್ಕೆ ಒಳ್ಳೇದಲ್ಲ. ಬೀಟೆ ಪುಡಿಯಿಂದ ಕೆಲವರಿಗೆ ಚರ್ಮದ ತುರಿಕೆಯೂ ಬರುತ್ತೆ. ಉದ್ದ ತೋಳಿನ ಅಂಗಿ ಹಾಕಿ, ಮುಗಿದ ತಕ್ಷಣ ಕೈ ತೊಳೀರಿ.

ಸೀಳಿಗೆ: ದಪ್ಪ ಪಾಲಿಥೀನ್ ಹಾಳೆಯಿಂದ ಸೀಳಿನ ಅಗಲಕ್ಕೆ ಬಿಗಿಯಾಗುವ ಪಟ್ಟಿ ಕತ್ತರಿಸಿ, ಮೇಲ್ಮೈಗಿಂತ 2 ಮಿ.ಮೀ. ಎದ್ದು ನಿಲ್ಲುವ ಹಾಗೆ ಸಿಕ್ಕಿಸಿ. ಪಾಲಿಥೀನಿಗೆ ಎಪಾಕ್ಸಿ ಹಿಡಿಯಲ್ಲ. ಮೇಣ ತುಂಬೋ ಉಪಾಯ ಕೆಲವರು ಹೇಳ್ತಾರೆ, ಮಾಡಬೇಡಿ, ಹೇರ್ ಡ್ರೈಯರ್ ಬಿಸಿಗೆ ಕರಗಿ ಕುಳಿಯೊಳಗೆ ಹೋದರೆ ಚಿಪ್ಪೇ ಹಿಡಿಯಲ್ಲ. 48 ಗಂಟೆ ಕಳೆದು ಸ್ಕ್ರೇಪರ್ ಆಡಿಸೋ ಮೊದಲು ಪಟ್ಟಿಗಳನ್ನು ಇಕ್ಕಳದಿಂದ ಎಳೆದು ತೆಗೀರಿ. ಎಲ್ಲಾದರೂ ಅಂಟು ಇಳಿದಿದ್ದರೆ 0.58 ಮಿ.ಮೀ. ಫ್ರೆಟ್ ಗರಗಸದಿಂದ ಒಮ್ಮೆ ಆಡಿಸಿ, ಫ್ರೆಟ್ ತಂತಿಯ ಚೂರೊಂದನ್ನು ಇಳಿಸಿ ಆಳ ಸಾಕಾ ಅಂತ ಪ್ರತಿ ಸೀಳಿನಲ್ಲೂ ನೋಡಿಕೊಳ್ಳಿ.